ಮಾವಳೆಗಳಿಗೆ ಮಕ್ಕಳೇ ಬಣ್ಣ ಬಳಿಯಲಿ

ದೀಪಾವಳಿ ಹತ್ತಿರವಾದಂತೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ್‌ಗಳ ಅಂಗಳಗಳಲ್ಲಿ ಕಿಲ್ಲೆಗಳು, ಅಂದರೆ ಪುಟ್ಟ ಮಣ್ಣಿನ ಕೋಟೆಗಳು, ಏಳುತ್ತವೆ. ಗಡಿಯ ಈಚೆ ಬೆಳಗಾವಿಯ ಗಲ್ಲಿಗಳಲ್ಲೂ ಅದೇ ಸಡಗರ. ಕಲ್ಲು, ಇಟ್ಟಿಗೆ ಪೇರಿಸಿ, ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ, ಬುರುಜು ಕಟ್ಟಿ, ಅಳವಿಯನ್ನೋ ಸಾಸಿವೆಯನ್ನೋ ಚೆಲ್ಲಿ ಹಸಿರು ಚಿಗುರಿಸುವವರು ಮಕ್ಕಳೇ. ಕೋಟೆ ಕಾಯುವ ಮಾವಳೆ (ಶಿವಾಜಿಯ ಸೈನಿಕ) ಬೊಂಬೆಗಳು ಮಾತ್ರ ಬಣ್ಣ ಬಳಿಸಿಕೊಂಡೇ ಪೇಟೆಯಿಂದ ಬರುತ್ತವೆ. ಕಿಲ್ಲೆಯ ಅತಿ ಸೊಗಸಾದ ಕೆಲಸ ಮಕ್ಕಳ ಕೈತಪ್ಪುವುದು ಇಲ್ಲಿಯೇ.

ಬೊಂಬೆಗೆ ತಾವೇ ಬಣ್ಣ ಹಚ್ಚುವ ಖುಷಿಗೆ ದೂರದ ಉದಾಹರಣೆಯೊಂದಿದೆ. ಇಂಗ್ಲೆಂಡಿನಲ್ಲಿ 1975ರಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಮೇಜಿನ ಮೇಲಿನ ಯುದ್ಧದಾಟವನ್ನು ತಂದಿತು. ಅದರ ಬೊಂಬೆಗಳಾದ ರಾಕ್ಷಸರು, ವೀರರು ಹೆಚ್ಚಾಗಿ ಇಂಚು, ಒಂದೂವರೆ ಇಂಚು ಎತ್ತರದವರು. ಬಿಡಿಭಾಗಗಳಾಗಿ, ಬಣ್ಣವಿಲ್ಲದೆ ಮಾರಾಟವಾಗುತ್ತಾರೆ. ಕೊಂಡವರೇ ಜೋಡಿಸಿ ಬಣ್ಣ ಹಚ್ಚಬೇಕು. ಎಷ್ಟೋ ಮಂದಿಗೆ ಆಟಕ್ಕಿಂತ ಈ ಕೆಲಸವೇ ಹೆಚ್ಚು ಪ್ರಿಯ.

ಅವರು ಪಳಗಿಸಿಕೊಂಡ ವಿದ್ಯೆ ನಮ್ಮ ಮಣ್ಣಿನ ಬೊಂಬೆಗೂ ಒಗ್ಗುತ್ತದೆ. ಬೇಕಾಗುವುದು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ, ಎರಡು ಸಣ್ಣ ಕುಂಚ, ಒಂದು ಹಳೆಯ ಬಟ್ಟೆ. ಮೊದಲು ಇಡೀ ಬೊಂಬೆಗೆ ಬಿಳಿಯ ಅಸ್ತರು. ಅದಿಲ್ಲದಿದ್ದರೆ ಸುಟ್ಟ ಮಣ್ಣು ನೀರು ಹೀರಿ ಬಣ್ಣವನ್ನು ಕುಂಚದಡಿಯಲ್ಲೇ ಒಣಗಿಸಿಬಿಡುತ್ತದೆ. ಹಸಿಮಣ್ಣಿನದಾದರೆ ಒದ್ದೆ ಕುಂಚಕ್ಕೆ ಮೂಗೇ ಕರಗೀತು. ಆಮೇಲೆ ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿ ಎರಡು ಪದರ. ದಪ್ಪಗೆ ಒಂದೇ ಸಲ ಬಳಿದರೆ ಮೀಸೆ, ಬೆರಳು ಎಲ್ಲ ಮುಚ್ಚಿಹೋಗುತ್ತವೆ. ಅದು ಒಣಗಿದ ಮೇಲೆ ಇನ್ನಷ್ಟು ನೀರಾದ ಕಂದು ಬಣ್ಣ ಸವರಿದರೆ ಧೋತರದ ನೆರಿಗೆಗಳಲ್ಲಿ ಇಳಿದು ನಿಂತು ನೆರಳಾಗುತ್ತದೆ. ಕೊನೆಗೆ ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದ ಒಣ ಬಣ್ಣವನ್ನು ಮೇಲೆ ಮೇಲೆ ಉಜ್ಜಿದರೆ ಮುಂಡಾಸಿನ ಸುತ್ತುಗಳು ಎದ್ದು ಕಾಣುತ್ತವೆ. ಕಣ್ಣು ಬರೆಯುವುದೇ ಕಷ್ಟ. ಅದಕ್ಕೂ ಉಪಾಯವಿದೆ: ಮೊದಲು ಬಿಳಿ, ಕಪ್ಪು ಇಟ್ಟು, ಆಚೀಚೆ ಹರಡಿದ್ದನ್ನು ಮೈಬಣ್ಣದಿಂದ ತಿದ್ದಬೇಕು.

ಇದನ್ನು ಬರೀ ಕೈಕೆಲಸ ಎನ್ನಲಾಗದು; ಬಣ್ಣ ಹಚ್ಚುತ್ತಲೇ ಇತಿಹಾಸವೂ ಮನಸ್ಸಿಗೆ ಇಳಿಯುತ್ತದೆ. ಕೊಲ್ಹಾಪುರದ ಮಗ್ಗುಲಲ್ಲೇ ಪನ್ಹಾಳಗಡವಿದೆ. 1660ರಲ್ಲಿ ಬಿಜಾಪುರದ ಆದಿಲಶಾಹಿ ಸೇನಾನಿ ಸಿದ್ದಿ ಜೌಹರ್ ಅದನ್ನು ಮುತ್ತಿದ್ದ. ಜುಲೈನ ಮಳೆಯ ರಾತ್ರಿಯೊಂದರಲ್ಲಿ ಶಿವಾಜಿ ಅಲ್ಲಿಂದ ವಿಶಾಳಗಡದತ್ತ ಪಾರಾದ. ಅವನ ಸೇನಾನಿ ಬಾಜಿಪ್ರಭು ದೇಶಪಾಂಡೆ ದಾರಿಯ ಕಣಿವೆಯಲ್ಲಿ ಶತ್ರುವನ್ನು ತಡೆದು ಪ್ರಾಣ ಕೊಟ್ಟ. ಶಿವಾಜಿಯ ವೇಷ ತೊಟ್ಟು ಪಲ್ಲಕ್ಕಿಯಲ್ಲಿ ಕುಳಿತು ಸೆರೆಯಾದವನು ಕ್ಷೌರಿಕ ಶಿವಾ ಕಾಶಿದ ಎನ್ನುತ್ತದೆ ಅಲ್ಲಿನ ಕಥೆ. ಈ ಪ್ರಸಂಗವನ್ನು ಕಿಲ್ಲೆಯ ಮೇಲೆ ನಿಲ್ಲಿಸಹೊರಟ ಹುಡುಗಿ ಎರಡು ಬೊಂಬೆಗಳಿಗೆ ಒಂದೇ ಉಡುಪು ಬರೆಯಬೇಕಾಗುತ್ತದೆ, ಮಾವಳೆಗಳ ಮೊಣಕಾಲಿನವರೆಗೆ ಸ್ಪಂಜಿನಿಂದ ಕೆಸರು ಒತ್ತಬೇಕಾಗುತ್ತದೆ. ಆ ರಾತ್ರಿ ಎಂಥದಿತ್ತು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಅಂಗಡಿಯ ಮಾವಳೆಗಳ ಕಾಲು ಯಾವಾಗಲೂ ಸ್ವಚ್ಛ.

ಪನ್ಹಾಳವೂ ಸೇರಿ ಹನ್ನೆರಡು ಮರಾಠಾ ಕೋಟೆಗಳು 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕಿಲ್ಲೆ ಸ್ಪರ್ಧೆ ನಡೆಸುವ ಮಂಡಳಿಗಳು ಈ ಹುರುಪಿನಲ್ಲೇ, ಮಕ್ಕಳು ತಾವೇ ಬಣ್ಣ ಹಾಕಿದ ಬೊಂಬೆಗಳಿಗೆ ಪ್ರತ್ಯೇಕ ಅಂಕ ಇಡಬಹುದು. ಕುಂಬಾರರು ಅಸ್ತರು ಹಚ್ಚಿದ ಬಿಳಿ ಮಾವಳೆಗಳನ್ನೂ ಬುಟ್ಟಿಯಲ್ಲಿಟ್ಟು ಮಾರಬಹುದು. ಗಣೇಶನ ಹಬ್ಬದ ದುಡಿಮೆ ಮುಗಿಸಿ ಬಂದ ಅವರಿಗೆ ಒಂದಿಷ್ಟು ಕೆಲಸವೂ ಹಗುರಾದೀತು. ಶಾಲೆಗಳ ಚಿತ್ರಕಲಾ ಶಿಕ್ಷಕರು ಹಬ್ಬದ ರಜೆಗೆ ಮುಂಚೆ ಎರಡು ಪಿರಿಯಡ್ ಕೊಟ್ಟರೆ ಅಸ್ತರು, ತೆಳು ಪದರ, ಒಣ ಕುಂಚ ಇಷ್ಟನ್ನು ಕಲಿಸಲು ಸಾಕು.