‘ನಾವು ಅಂಥವರಲ್ಲ’ ಅನ್ನೋ ಮಾತು ಯಾವ ಚರ್ಚನ್ನೂ ಕಾಪಾಡಲ್ಲ

2021ರ ನವೆಂಬರ್ 28, ಭಾನುವಾರ. ಹಾಸನ ಜಿಲ್ಲೆಯ ಬೇಲೂರಿನ ಒಂದು ಪ್ರಾರ್ಥನಾ ಮಂದಿರಕ್ಕೆ ಬಜರಂಗದಳದ ಕಾರ್ಯಕರ್ತರು ನುಗ್ಗಿದರು. ಮತಾಂತರ ನಡೀತಿದೆ ಅನ್ನೋದು ಅವರ ಆರೋಪ. ಒಳಗಿದ್ದ ಹೆಣ್ಣುಮಕ್ಕಳು ಹೆದರಿ ಕೂರಲಿಲ್ಲ, ಎದುರು ನಿಂತು ಪ್ರಶ್ನೆ ಮಾಡಿದರು. ಆ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂತು.

ವಿಡಿಯೋ ಮೆಚ್ಚಿಕೊಳ್ಳೋದು ಸುಲಭ. ಆದ್ರೆ ಮುಂದಿನ ಭಾನುವಾರ ಅವರ ಪಕ್ಕ ಬಂದು ಕೂರುವವರು ಯಾರು? ಕ್ರೈಸ್ತರ ಐಕ್ಯತೆ ಅನ್ನೋ ದೊಡ್ಡ ಮಾತು ನಿಜಕ್ಕೂ ಪರೀಕ್ಷೆಗೆ ಬೀಳೋದು ಇಲ್ಲಿ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಕ್ರೈಸ್ತರು ಮೊದಲೇ ಬೆರಳೆಣಿಕೆಯಷ್ಟು. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲೇ ಅವರ ಪಾಲು ಶೇ. 1.87. ಅಷ್ಟರಲ್ಲೂ ಎಷ್ಟೊಂದು ಮನೆ! ಹಾಸನದ ಲ್ಯಾಟಿನ್ ಕಥೋಲಿಕರು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದರೆ, ಅದೇ ಊರಿನ ಸಿರೋ-ಮಲಬಾರ್ ಕಥೋಲಿಕರು ಮಂಡ್ಯ ಧರ್ಮಪ್ರಾಂತ್ಯಕ್ಕೆ. ಪೋಪ್ ಒಬ್ಬರೇ, ಬಿಷಪ್ ಬೇರೆ ಬೇರೆ. ಅತ್ತ ಸಿಎಸ್‌ಐ ಇದೆ. ಇವೆಲ್ಲದರ ಆಚೆ, ಬಾಡಿಗೆ ಮನೆಯಲ್ಲೋ ಶೀಟಿನ ಶೆಡ್ಡಲ್ಲೋ ಪ್ರಾರ್ಥನೆ ಮಾಡುವ ಸ್ವತಂತ್ರ ಸಭೆಗಳು.

ಬೇರೆ ಬೇರೆ ಇರೋದು ತಪ್ಪಲ್ಲ. ತಪ್ಪು ಶುರುವಾಗೋದು ಒಂದು ವಾಕ್ಯದಿಂದ: “ಮತಾಂತರ ಮಾಡೋರು ಆ ಪೆಂಟೆಕೋಸ್ಟಲ್‌ನವರು, ನಾವು ಅಂಥವರಲ್ಲ.” ಹಳೆಯ ಸಭೆಗಳ ಮರ್ಯಾದಸ್ಥರ ಬಾಯಲ್ಲಿ ಈ ಮಾತು ಆಗಾಗ ಕೇಳಿಸುತ್ತೆ. ಕೇಳೋಕೆ ಸಮಜಾಯಿಷಿ ಥರ ಇರುತ್ತೆ, ಆದ್ರೆ ಮಾಡೋ ಕೆಲಸ ಸಾಕ್ಷಿ ಹೇಳೋದು. ನುಗ್ಗಿ ಬಂದವರ ಆರೋಪಕ್ಕೆ ಒಳಗಿನವರೇ ಸಹಿ ಹಾಕಿಕೊಟ್ಟ ಹಾಗೆ.

ಈ ಲೆಕ್ಕಾಚಾರ ಎಷ್ಟು ದುಬಾರಿ ಅಂತ 2008ರಲ್ಲೇ ಗೊತ್ತಾಗಿದೆ. ಆಗ ಆರೋಪ ಇದ್ದದ್ದು ನ್ಯೂ ಲೈಫ್ ಸಭೆಯ ಮೇಲೆ, ಒಂದು ಪುಸ್ತಿಕೆಯ ನೆಪದಲ್ಲಿ. ಆದ್ರೆ ಸೆಪ್ಟೆಂಬರ್ 14ರಂದು ಮಂಗಳೂರಲ್ಲಿ ದಾಳಿಗೆ ತುತ್ತಾದದ್ದರಲ್ಲಿ ಮಿಲಾಗ್ರಿಸ್ ಬಳಿಯ ಕಥೋಲಿಕ ಸನ್ಯಾಸಿನಿಯರ ಆರಾಧನಾ ಮಠವೂ ಇತ್ತು. ಕಲ್ಲು ಎತ್ತಿಕೊಂಡವರು ‘ನೀವು ಯಾವ ಪಂಗಡ’ ಅಂತ ಕೇಳಿ ಹೊಡೆಯಲ್ಲ.

ಕಾನೂನೂ ಹಾಗೇ. 2022ರ ಮತಾಂತರ ನಿಷೇಧ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂದಿತು. ಸಂಬಂಧಿಕರಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು ಅಂದಿತು. ಅದರಲ್ಲಿ ಕಥೋಲಿಕರಿಗೆ ಒಂದು ಕಲಂ, ಪೆಂಟೆಕೋಸ್ಟಲ್‌ನವರಿಗೆ ಇನ್ನೊಂದು ಅಂತೇನೂ ಇರಲಿಲ್ಲ. ಕಾಯ್ದೆ ವಾಪಸ್ ಪಡೆಯಲು 2023ರ ಜೂನ್‌ನಲ್ಲಿ ಸಂಪುಟ ನಿರ್ಧರಿಸಿತು. ಆದ್ರೆ ಊರಲ್ಲಿ ಬಿತ್ತಿದ ಅನುಮಾನವನ್ನ ಯಾವ ಸಂಪುಟವೂ ವಾಪಸ್ ಪಡೆಯೋಕೆ ಆಗಲ್ಲ.

ಹಾಗಂತ ‘ಎಲ್ಲರೂ ಒಂದು’ ಅಂತ ವೇದಿಕೆ ಮೇಲೆ ಕೈಕೈ ಹಿಡಿದರೆ ಸಾಕಾ? ಸಾಲದು. ಒಳಗಿನ ಜಾತಿಯನ್ನ ಮುಚ್ಚಿಟ್ಟು ಕಟ್ಟುವ ಐಕ್ಯತೆ ಬಲವಾಗಿದ್ದವರ ಐಕ್ಯತೆ ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ‘ಒಕ್ಕಲಿಗ ಕ್ರಿಶ್ಚಿಯನ್’, ‘ಕುರುಬ ಕ್ರಿಶ್ಚಿಯನ್’ ಥರದ ಹೆಸರುಗಳ ಮೇಲೆ ದೊಡ್ಡ ಗಲಾಟೆ ಆಯ್ತು. ಕೊನೆಗೆ ಆಯೋಗ ಅಂಥ 33 ಹೆಸರುಗಳನ್ನ ಪಟ್ಟಿಯಲ್ಲಿ ಕಾಣದ ಹಾಗೆ ಮಾಡಿತು. ಪಟ್ಟಿಯಿಂದ ಹೆಸರು ಹೋಯ್ತು, ಜಾತಿ ಹೋಯ್ತಾ?

ದಲಿತ ಕ್ರೈಸ್ತರನ್ನೇ ಕೇಳಿ ನೋಡಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನ ಹಿಂದೂಗಳಿಗಷ್ಟೇ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೀತು. ಕ್ರೈಸ್ತರಿಗೂ ಮುಸ್ಲಿಮರಿಗೂ ಇನ್ನೂ ಇಲ್ಲ. ಸರ್ಕಾರದ ಕಣ್ಣಲ್ಲಿ ಅವರು ಕ್ರೈಸ್ತರು, ಊರಿನ ಕಣ್ಣಲ್ಲಿ ಇನ್ನೂ ಹಳೇ ಕೇರಿಯವರು. ಸಭೆಯ ಒಳಗಾದರೂ ಅವರು ಸಮಾನರಾ? ಮದುವೆ ಮಾತುಕತೆ ಬಂದಾಗ, ಕಮಿಟಿ ಚುನಾವಣೆ ಬಂದಾಗ ಇದಕ್ಕೆ ಉತ್ತರ ಸಿಗುತ್ತೆ.

ಒಂದಾಗೋದು ಅಸಾಧ್ಯವೇನಲ್ಲ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ಸಿಎಸ್‌ಐ ಆಯ್ತು. ದೇಶ ಎರಡಾದ ಸುಮಾರು ಆರು ವಾರಗಳ ಬಳಿಕ, ಶತಮಾನಗಳ ಜಗಳ ಇದ್ದವರು ಒಂದೇ ಮೇಜಿಗೆ ಬಂದರು. ಇತ್ತೀಚಿನ ಉದಾಹರಣೆಯೂ ಇದೆ. ಕ್ರೈಸ್ತರ ಮೇಲಿನ ದಾಳಿಗಳ ವಿರುದ್ಧ ಬೆಂಗಳೂರಿನ ಕಥೋಲಿಕ ಆರ್ಚ್‌ಬಿಷಪ್ ಪೀಟರ್ ಮಚಾದೊ ಮತ್ತು ಇವ್ಯಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾ ಒಟ್ಟಿಗೆ ಸುಪ್ರೀಂ ಕೋರ್ಟ್‌ಗೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಂದ ವರದಿ ತರಿಸಲು ಗೃಹ ಸಚಿವಾಲಯಕ್ಕೆ ಹೇಳಿತು. ದೇವಶಾಸ್ತ್ರದಲ್ಲಿ ಒಪ್ಪದವರು ಸಂವಿಧಾನದ ಹೆಸರಲ್ಲಿ ಒಂದೇ ಅರ್ಜಿಗೆ ಸಹಿ ಹಾಕಿದರು.

ದಿಲ್ಲಿಯಲ್ಲಿ ಆಗಿದ್ದು ಹೊಳೆನರಸೀಪುರದಲ್ಲಿ ಯಾಕೆ ಆಗಬಾರದು? ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ಸಪ್ತಾಹ ನಡೆಯುತ್ತೆ. ಪ್ರಾರ್ಥನೆ ಆಗಲಿ. ಜೊತೆಗೆ ಮೂರು ಕೆಲಸ ಆಗಲಿ. ಅರಕಲಗೂಡಲ್ಲಿ ಒಬ್ಬ ಪಾಸ್ಟರನ್ನ ಠಾಣೆಗೆ ಕರೆದರೆ ಫಾದರ್ ಒಬ್ಬರು, ಸಿಎಸ್‌ಐ ಸಭಾಪಾಲಕರೊಬ್ಬರು, ವಕೀಲರೊಬ್ಬರು ಜೊತೆಗೆ ಹೋಗಲಿ. ಚನ್ನರಾಯಪಟ್ಟಣದಲ್ಲಿ ಜಾಗವಿಲ್ಲದ ಸಣ್ಣ ಸಭೆಯವರು ತೀರಿಕೊಂಡರೆ ಯಾವ ಪಂಗಡ ಅಂತ ಕೇಳದೆ ಮೂರಡಿ ಆರಡಿ ಮಣ್ಣು ಸಿಗಲಿ. ದಲಿತ ಕ್ರೈಸ್ತರ ಹಕ್ಕೊತ್ತಾಯದ ಮನವಿಗೆ ಮೊದಲ ಸಹಿ ದಲಿತರಲ್ಲದ ಕ್ರೈಸ್ತರದ್ದಾಗಲಿ.

ಇದರ ಲಾಭ ಕ್ರೈಸ್ತರಿಗೆ ಮಾತ್ರ ಅಲ್ಲ. ಶೀಟಿನ ಶೆಡ್ಡಲ್ಲಿ ಕೂತವರ ಆತ್ಮಸಾಕ್ಷಿಗೆ ರಕ್ಷಣೆ ಇದ್ದರೆ ನಿಮ್ಮ ನನ್ನ ಆತ್ಮಸಾಕ್ಷಿಗೂ ಇದೆ ಅಂತ ಅರ್ಥ. ‘ನಾವು ಅಂಥವರಲ್ಲ’ ಅನ್ನೋರು ‘ಅವರೂ ನಮ್ಮವರೇ’ ಅನ್ನೋಕೆ ಶುರು ಮಾಡಿದ ದಿನ, ಬೇಲೂರಿನ ಆ ಹೆಣ್ಣುಮಕ್ಕಳು ಒಂಟಿಯಾಗಿ ಬಾಗಿಲಿಗೆ ಅಡ್ಡ ನಿಲ್ಲಬೇಕಾಗಿ ಬರಲ್ಲ.