ದಯೆಗೂ ಒಂದು ಲೆಕ್ಕವುಂಟು

ಗಾಯಗೊಂಡು ಬೀದಿಯಲ್ಲಿ ಬಿದ್ದ ನಾಯಿಯನ್ನು ಕಂಡು ಮರುಗುವುದು ಮನುಷ್ಯಸ್ವಭಾವ. ಆದರೆ ಮರುಕವೊಂದರಿಂದಲೇ ಅದರ ಮುರಿದ ಕಾಲಿಗೆ ಕಟ್ಟು ಬೀಳುವುದಿಲ್ಲ. ಮುಂದಿನ ತಿಂಗಳು ಅದೇ ಬೀದಿಯಲ್ಲಿ ಇನ್ನೊಂದು ನಾಯಿ ಅದೇ ಪಾಡಿಗೆ ಬರುವುದೂ ತಪ್ಪುವುದಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ಪ್ರಾಣಿರಕ್ಷಣೆಯ ಕೆಲಸವನ್ನು ಕೈಗೊಂಡವರು ಇಂದು ಅಲ್ಲಲ್ಲಿ ಕಾಣಸಿಗುತ್ತಾರೆ. ಊರ ಹೊರಗೆ ತಗಡಿನ ಮಾಡಿನ ಒಂದು ಕೊಟ್ಟಿಗೆ, ನಾಲ್ಕಾರು ಪಂಜರಗಳು, ಬಿಡುವಾದಾಗ ಬಂದುಹೋಗುವ ಪಶುವೈದ್ಯರು, ಉತ್ಸಾಹಿಗಳಾದ ಕೆಲವು ತರುಣರು: ಅವರ ಬಂಡವಾಳವೆಲ್ಲ ಇಷ್ಟೇ. ಇಂಥ ಕೊಟ್ಟಿಗೆಗಳು ತೆರೆದ ಕೆಲವೇ ತಿಂಗಳುಗಳಲ್ಲಿ ತುಂಬಿಹೋಗುತ್ತವೆ. ಆಮೇಲೆ ಬಾಗಿಲಿಗೆ ಬಂದ ನಾಯಿಗೆ ಜಾಗವಿಲ್ಲ, ಒಳಗಿದ್ದ ನಾಯಿಗೆ ಶುಶ್ರೂಷೆಯಿಲ್ಲ. ಇದಕ್ಕೆ ಕಾರಣವೇನು? ಹಣದ ಕೊರತೆಯೆಂದು ಹೇಳಿ ಮುಗಿಸುವುದು ಸುಲಭ. ನಿಜವಾದ ಕಾರಣ ಕೊಟ್ಟಿಗೆಯೊಳಗಿಲ್ಲ, ನಮ್ಮ ಮನೆಗಳಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಅದನ್ನು ಸಮರ್ಥಿಸಲು ಬೇಕಾಗುವುದು ಪ್ರೌಢಶಾಲೆಯ ಗಣಿತವಷ್ಟೆ.

ಒಂದು ತೊಟ್ಟಿಯನ್ನು ಭಾವಿಸಿಕೊಳ್ಳಿ. ಮೇಲಿನ ನಲ್ಲಿಯಿಂದ ನೀರು ಬೀಳುತ್ತಿದೆ, ಕೆಳಗಿನ ತೂತಿನಿಂದ ಹೊರಗೆ ಹರಿಯುತ್ತಿದೆ. ಒಳಬರುವ ವೇಗವೂ ಹೊರಹೋಗುವ ವೇಗವೂ ಸಮನಾದಾಗ ನೀರಿನ ಮಟ್ಟ ಸ್ಥಿರವಾಗುತ್ತದೆ. ಆಗ ತೊಟ್ಟಿಯಲ್ಲಿರುವ ನೀರಿನ ಪ್ರಮಾಣವೆಷ್ಟು? ಒಳಬರುವ ವೇಗವನ್ನು, ಪ್ರತಿಯೊಂದು ಹನಿಯೂ ಒಳಗೆ ತಂಗುವ ಸರಾಸರಿ ಕಾಲದಿಂದ ಗುಣಿಸಿದಷ್ಟು. ಆಶ್ರಯಧಾಮಕ್ಕೂ ಇದೇ ಸೂತ್ರ ಸಲ್ಲುತ್ತದೆ. ವಾರಕ್ಕೆ ಒಂದೇ ಒಂದು ನಾಯಿ ಬರುತ್ತದೆಂದೂ ಪ್ರತಿಯೊಂದೂ ಸರಾಸರಿ ಒಂದು ವರ್ಷ ತಂಗುತ್ತದೆಂದೂ ಇಟ್ಟುಕೊಳ್ಳೋಣ. ಅಲ್ಲಿ ಯಾವಾಗಲೂ ೫೨ ನಾಯಿಗಳಿರುತ್ತವೆ. ಸಾಕಿಕೊಳ್ಳುವವರು ಯಾರೂ ಮುಂದೆ ಬಾರದೆ ಪ್ರತಿಯೊಂದು ನಾಯಿಯೂ ಹತ್ತು ವರ್ಷ ಅಲ್ಲಿಯೇ ಬದುಕಿದರೆ ಆ ಸಂಖ್ಯೆ ೫೨೦ಕ್ಕೆ ಏರುತ್ತದೆ. ಯಾವ ಸಣ್ಣ ಊರಿನ ಯಾವ ಧರ್ಮಾತ್ಮನೂ ಐನೂರಿಪ್ಪತ್ತು ನಾಯಿಗಳನ್ನು ಸಾಕಲಾರನು. ಇನ್ನಷ್ಟು ದೊಡ್ಡ ಕೊಟ್ಟಿಗೆ ಕಟ್ಟುವುದು ಇದಕ್ಕೆ ಪರಿಹಾರವಲ್ಲ. ದೊಡ್ಡ ತೊಟ್ಟಿ ತುಂಬಲು ಇನ್ನಷ್ಟು ಕಾಲ ಹಿಡಿಯುತ್ತದೆ, ಅಷ್ಟೆ. ಇರುವ ಮಾರ್ಗಗಳು ಎರಡು: ಗುಣವಾದ ನಾಯಿಗಳಿಗೆ ಬೇಗ ಮನೆ ದೊರಕಿಸಿ ತಂಗುವ ಕಾಲವನ್ನು ತಗ್ಗಿಸುವುದು, ಇಲ್ಲವೆ ನಲ್ಲಿಯನ್ನು ತಿರುಗಿಸಿ ಒಳಬರುವ ವೇಗವನ್ನು ತಗ್ಗಿಸುವುದು.

ಆ ನಲ್ಲಿ ಇರುವುದೆಲ್ಲಿ? ಹೆಣ್ಣುನಾಯಿಯೊಂದು ಗರ್ಭ ಧರಿಸಿ ಸುಮಾರು ೬೩ ದಿನಗಳಲ್ಲಿ ಮರಿಹಾಕುತ್ತದೆ. ಒಂದು ಮನೆಯಲ್ಲಿ ಐದು ಮರಿಗಳು ಹುಟ್ಟಿ, ಎರಡನ್ನು ಬಂಧುಗಳು ಕೊಂಡೊಯ್ದು, ಉಳಿದ ಮೂರನ್ನು ಮನೆಯವರು ಗೋಣಿಚೀಲದಲ್ಲಿ ತುಂಬಿ ಸಂತೆಮಾಳದಲ್ಲಿ ಬಿಟ್ಟುಬರುತ್ತಾರೆಂದು ಊಹಿಸಿರಿ. ವರ್ಷಕ್ಕೆ ಹದಿನೇಳು ಮನೆಗಳವರು ಹೀಗೆ ಮಾಡಿದರೆ ೫೧ ಮರಿಗಳಾದವು. ಎಂದರೆ ವಾರಕ್ಕೆ ಒಂದು. ನಮ್ಮ ಲೆಕ್ಕದ ಆಶ್ರಯಧಾಮವನ್ನು ತುಂಬಿಸಲು ಇಡೀ ಊರು ಕ್ರೂರವಾಗಬೇಕಾಗಿಲ್ಲ. ಸಾವಿರಾರು ಮನೆಗಳ ಊರಿನಲ್ಲಿ ಹದಿನೇಳು ಮನೆಗಳ ಉದಾಸೀನ ಸಾಕು. ಆ ಹದಿನೇಳು ಹೆಣ್ಣುನಾಯಿಗಳಿಗೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದಿದ್ದರೆ ಕೊಟ್ಟಿಗೆ ಬಹುಮಟ್ಟಿಗೆ ಬರಿದಾಗಿರುತ್ತಿತ್ತು.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಈಡುಮಾಡಿ ತೊರೆಯುವುದು ನಮ್ಮ ದೇಶದಲ್ಲಿ ಅಪರಾಧ. ೧೯೫೨ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ರುಕ್ಮಿಣೀದೇವಿ ಅರುಂಡೇಲ್ ಅವರು ತಂದ ಖಾಸಗಿ ಮಸೂದೆಯ ಪ್ರೇರಣೆಯಿಂದಲೇ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆ ರೂಪುಗೊಂಡಿತು. ೧೯೬೨ರಲ್ಲಿ ಸ್ಥಾಪಿತವಾದ ಪ್ರಾಣಿಕಲ್ಯಾಣ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆ. ಆದರೆ ಆ ಕಾಯಿದೆ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ! ಇಂದು ಆ ಮೊತ್ತಕ್ಕೆ ನಾಯಿಗೆ ಎರಡು ದಿನದ ಊಟವೂ ಸಾಲದು. ಆದಕಾರಣ ದಂಡದ ಭಯವನ್ನು ನೆಚ್ಚಿ ಕೂರುವಂತಿಲ್ಲ. ಊರಿನ ನೀತಿಪ್ರಜ್ಞೆಯೇ ಕಾಯಿದೆಯ ಕೊರತೆಯನ್ನು ತುಂಬಬೇಕು.

“ಇಷ್ಟೆಲ್ಲ ಏತಕ್ಕೆ? ಬೀದಿನಾಯಿಗಳನ್ನು ಕೊಂದುಬಿಟ್ಟರೆ ಮುಗಿಯಿತಲ್ಲ” ಎನ್ನುವವರಿದ್ದಾರೆ. ಮಗುವನ್ನು ನಾಯಿ ಕಚ್ಚಿದ ತಾಯಿತಂದೆಗಳ ಬಾಯಿಂದ ಈ ಮಾತು ಬಂದರೆ ಅದನ್ನು ಹಳಿಯಲಾಗದು. ಆದರೂ ವಿಚಾರಮಾಡಬೇಕು. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯವರು ಬಂಗಾಳದ ಬೀದಿನಾಯಿಗಳ ೯೫ ಸೂಲುಗಳ ೩೬೪ ಮರಿಗಳನ್ನು ಗಮನಿಸಿ ೨೦೧೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ಪ್ರಾಯಕ್ಕೆ ಬರುವವರೆಗೆ ಬದುಕಿದವು ಶೇಕಡ ೧೯ ಮಾತ್ರ. ಈ ಅಂಕಿಯ ಅರ್ಥ ಗಂಭೀರವಾದುದು. ಬೀದಿಯಲ್ಲಿ ನಾಯಿಗಳ ಸಂಖ್ಯೆಯನ್ನು ತಡೆದಿರುವುದು ಹುಟ್ಟಿನ ಕೊರತೆಯಲ್ಲ, ಬದುಕಿನ ಕಷ್ಟ. ದೊಡ್ಡ ನಾಯಿಗಳನ್ನು ಕೊಂದು, ಕಸದ ಗುಂಡಿಯ ಕೂಳನ್ನು ಹಾಗೆಯೇ ಉಳಿಸಿದರೆ, ಸಾಯಲಿದ್ದ ಮರಿಗಳಲ್ಲಿ ಹೆಚ್ಚಿನವು ಆ ಕೂಳು ತಿಂದು ಬೆಳೆಯುತ್ತವೆ; ತೆರವಾದ ಜಾಗ ಮತ್ತೆ ತುಂಬುತ್ತದೆ. ಕೊಲ್ಲುವುದರಿಂದ ಮಾತ್ರ ರೋಗವೂ ಸಂಖ್ಯೆಯೂ ಹತೋಟಿಗೆ ಬಾರವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತ ಬಂದಿದೆ.

ಬೇರೆ ಮಾರ್ಗದಲ್ಲಿ ನಡೆದವರ ಅನುಭವವೇನು? ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆ ೧೯೮೦ರಲ್ಲಿ ಜಯಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಸಂಸ್ಥೆಯನ್ನೂ, ೧೯೯೧ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪ’ ಎಂಬ ಸಂಸ್ಥೆಯನ್ನೂ ಸ್ಥಾಪಿಸಿದರು. ಜಯಪುರದ ಸಂಸ್ಥೆ ೧೯೯೪ರಿಂದ ಬೀದಿನಾಯಿಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡುತ್ತ ಬಂದಿತು. ಹೆಣ್ಣುನಾಯಿಗಳಲ್ಲಿ ಸುಮಾರು ಶೇಕಡ ೬೫ಕ್ಕೆ ಈ ಚಿಕಿತ್ಸೆ ಮುಟ್ಟಿದಾಗ ನಾಯಿಗಳ ಸಂಖ್ಯೆ ಶೇಕಡ ೨೮ರಷ್ಟು ಇಳಿಯಿತು. ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳು ಸೊನ್ನೆಗೆ ಬಂದವು. ಈ ಫಲಿತಾಂಶ ೨೦೦೬ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರ ೨೦೦೧ರಲ್ಲಿ ರಚಿಸಿ ೨೦೨೩ರಲ್ಲಿ ಹೊಸದಾಗಿ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ತಿರುಳೂ ಇದೇ.

ರೇಬೀಸ್, ಎಂದರೆ ಹುಚ್ಚುನಾಯಿ ರೋಗ, ಈ ವಿಷಯದ ಮರ್ಮಸ್ಥಾನ. ಅದರ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಸಾವು ಬಹುಮಟ್ಟಿಗೆ ನಿಶ್ಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನ ಇದಕ್ಕೆ ಬಲಿಯಾಗುತ್ತಾರೆ. ಅವರಲ್ಲಿ ಹತ್ತರಲ್ಲಿ ನಾಲ್ವರು ಹದಿನೈದು ವರ್ಷದೊಳಗಿನ ಮಕ್ಕಳು. ೧೮೮೫ರ ಜುಲೈ ೬ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿದ ದಿನದಿಂದ ಈ ಸಾವು ತಪ್ಪಿಸಬಹುದಾದ ಸಾವಾಗಿದೆ. ಆದರೂ ಅದು ನಿಂತಿಲ್ಲ.

ಇಲ್ಲಿಯೂ ಒಂದು ಲೆಕ್ಕವುಂಟು. ಹುಚ್ಚು ಹಿಡಿದ ಒಂದು ನಾಯಿ ತಾನು ಸಾಯುವ ಮುನ್ನ ಸರಾಸರಿ ಎರಡು ನಾಯಿಗಳಿಗೆ ರೋಗ ಅಂಟಿಸುತ್ತದೆ ಎನ್ನೋಣ. ಅಧ್ಯಯನಗಳಲ್ಲಿ ದೊರೆತ ಸಂಖ್ಯೆ ಇದಕ್ಕಿಂತ ಕಡಮೆಯೇ. ಊರಿನ ಅರ್ಧದಷ್ಟು ನಾಯಿಗಳಿಗೆ ಲಸಿಕೆಯ ರಕ್ಷಣೆಯಿದ್ದರೆ ಆ ಎರಡರಲ್ಲಿ ಒಂದಕ್ಕೆ ರೋಗ ತಗಲದು. ಅರ್ಧಕ್ಕಿಂತ ಹೆಚ್ಚಿಗೆ ಇದ್ದರೆ ಒಂದು ರೋಗಿಯಿಂದ ಒಂದಕ್ಕಿಂತ ಕಡಮೆ ರೋಗಿ ಹುಟ್ಟಿ, ಎಣ್ಣೆ ತೀರಿದ ದೀಪದಂತೆ ರೋಗ ತಾನಾಗಿ ನಂದುತ್ತದೆ. ವರ್ಷದೊಳಗೆ ಹಳೆಯ ನಾಯಿಗಳು ಸತ್ತು ಲಸಿಕೆಯಿಲ್ಲದ ಮರಿಗಳು ಹುಟ್ಟುವುದರಿಂದ ಗುರಿಯನ್ನು ಶೇಕಡ ೭೦ಕ್ಕೆ ಇಟ್ಟಿರುತ್ತಾರೆ. ಲಸಿಕೆ ಪಡೆದ ನಾಯಿಯನ್ನು ಕೊಲ್ಲುವುದೆಂದರೆ ರೋಗಕ್ಕೆ ಅಡ್ಡವಾದ ಗೋಡೆಯಿಂದ ಒಂದು ಇಟ್ಟಿಗೆಯನ್ನು ಕಿತ್ತಂತೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನೆರೆಯ ಗೋವೆಯಲ್ಲಿ ಹೀಗೆ ವ್ಯಾಪಕವಾಗಿ ಲಸಿಕೆ ಹಾಕಿದುದರಿಂದ ನಾಯಿಗಳ ರೇಬೀಸ್ ಶೇಕಡ ೯೨ರಷ್ಟು ತಗ್ಗಿತು. ೨೦೨೧ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದರು. ಇನ್ನು, ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ, ಕಾಫಿಪುಡಿಗಳನ್ನು ಮೆತ್ತುವ ಪದ್ಧತಿ ಹಾನಿಕರ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟು ಸೂಜಿಮದ್ದನ್ನೂ ಹಾಕಿಸಿಕೊಳ್ಳಬೇಕು.

ಹೀಗಿರಲು ನಾಯಿ ಸಾಕುವವನ ಕರ್ತವ್ಯಗಳು ತಾವಾಗಿಯೇ ಹೊರಪಡುತ್ತವೆ. ಲಸಿಕೆ ಹಾಕಿಸುವುದು, ಸಂತಾನ ಬೇಡವಾದರೆ ಶಸ್ತ್ರಚಿಕಿತ್ಸೆ ಮಾಡಿಸುವುದು, ಹತ್ತು ಹನ್ನೆರಡು ವರ್ಷ ನೋಡಿಕೊಳ್ಳಲು ಸಿದ್ಧನಿದ್ದರೆ ಮಾತ್ರ ಮರಿಯನ್ನು ಮನೆಗೆ ತರುವುದು. ಇವುಗಳ ಜೊತೆಗೆ ನಮ್ಮ ಹವೆಗೆ ಒಗ್ಗುವ ತಳಿಯನ್ನು ಆರಿಸುವುದೂ ಒಂದು ಕರ್ತವ್ಯ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರದು. ನಾಲಗೆ ಚಾಚಿ ಏದುತ್ತ, ಬಾಯಿಯ ತೇವವನ್ನು ಆವಿಯಾಗಿಸಿ ಮೈಯ ಕಾವನ್ನು ಹೊರಹಾಕುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾದಾಗ ಸುಮಾರು ೫೮೦ ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಈ ಕ್ರಿಯೆ ಕುಂಠಿತವಾಗುತ್ತದೆ. ಸೈಬೀರಿಯದ ಹಿಮಕ್ಕೆಂದು ದಪ್ಪ ತುಪ್ಪಟ ಬೆಳೆಸಿಕೊಂಡ ಹಸ್ಕಿ ನಾಯಿಯನ್ನು ಕರಾವಳಿಯ ಬೇಸಗೆಗೆ ತರುವುದು ಕಂಬಳಿ ಹೊದಿಸಿ ಬಿಸಿಲಲ್ಲಿ ನಿಲ್ಲಿಸಿದಂತೆ. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಉಷ್ಣತೆ ಸುಮಾರು ೨೨ ಡಿಗ್ರಿ ಸೆಲ್ಸಿಯಸ್ ಏರಬಹುದು. ಅದರೊಳಗೆ ನಾಯಿಯನ್ನು ಬಿಟ್ಟುಹೋಗುವುದು ಕೊಲೆಗೆ ಸಮಾನ. ಅಂಗಡಿಯಲ್ಲಿ ಸಾವಿರಾರು ರೂಪಾಯಿ ತೆತ್ತು ತಂದ ವಿದೇಶೀ ನಾಯಿ ಕಾಯಿಲೆ ಬಿದ್ದೊಡನೆ ಬೀದಿಪಾಲಾಗುವುದನ್ನು ಕಾಣುತ್ತಿದ್ದೇವೆ. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಸ್ಥಾನ ಪಡೆದ ನಮ್ಮ ಮುಧೋಳದ ನಾಯಿ ಈ ನೆಲದ್ದೇ; ಆದರೆ ಅದು ಓಟದ ತಳಿ, ಬಯಲಿಲ್ಲದ ಮನೆಗೆ ತಕ್ಕುದಲ್ಲ. ಸಾಮಾನ್ಯ ಗೃಹಸ್ಥನಿಗೆ ಆಶ್ರಯಧಾಮದ ಊರನಾಯಿಯ ಮರಿಗಿಂತ ಯೋಗ್ಯವಾದುದಿಲ್ಲ. ಅದನ್ನು ತಂದವನು ಕೊಟ್ಟಿಗೆಯಲ್ಲಿ ತಂಗುವ ಕಾಲವನ್ನೂ ತಗ್ಗಿಸಿದಂತಾಯಿತು.

ಬೀದಿನಾಯಿಗಳಿಗೆ ಅನ್ನ ಹಾಕುವ ಕರುಣಾಳುಗಳಿಗೂ ಒಂದು ಮಾತು. ಕೇವಲ ಅನ್ನ ಹಾಕಿ ಸಂತಾನವನ್ನು ತಡೆಯದಿದ್ದರೆ ಅದು ಅರ್ಧ ದಯೆ. ಅದರ ಉಳಿದರ್ಧದ ಭಾರ ದಾರಿಹೋಕರ ಮೇಲೆ, ಶಾಲೆಗೆ ನಡೆದುಹೋಗುವ ಮಕ್ಕಳ ಮೇಲೆ ಬೀಳುತ್ತದೆ. ೨೦೨೫ರ ಆಗಸ್ಟ್ ೨೨ರಂದು ಸರ್ವೋಚ್ಚ ನ್ಯಾಯಾಲಯ ಚಿಕಿತ್ಸೆ ಮತ್ತು ಲಸಿಕೆ ಪಡೆದ ನಾಯಿಗಳನ್ನು ಅವುಗಳ ಸ್ಥಳದಲ್ಲಿಯೇ ಬಿಡಬೇಕೆಂದೂ, ರೇಬೀಸ್ ಪೀಡಿತ ಹಾಗೂ ಆಕ್ರಮಣಶೀಲ ನಾಯಿಗಳನ್ನು ಬಿಡಕೂಡದೆಂದೂ, ಅನ್ನ ಹಾಕಲು ಗೊತ್ತಾದ ಜಾಗಗಳಿರಬೇಕೆಂದೂ ಆದೇಶಿಸಿತು. ಅದೇ ವರ್ಷದ ನವೆಂಬರ್ ೭ರಂದು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ಸಾಗಿಸಿ, ಮರಳಿ ಅಲ್ಲಿಗೆ ಬಿಡಬಾರದೆಂದಿತು. ಸಾಗಿಸಿದ ನಾಯಿಗಳಿಗೆ ಆಶ್ರಯ ಬೇಕು. ಆಶ್ರಯ ತುಂಬಿಹೋಗದಿರಲು ನಲ್ಲಿ ತಿರುಗಿಸಬೇಕು. ಎತ್ತ ಸುತ್ತಿದರೂ ಮೊದಲಿನ ಲೆಕ್ಕಕ್ಕೇ ಬರುತ್ತೇವೆ.

ವಿದ್ಯಾರ್ಥಿಮಿತ್ರರು ಇದರಲ್ಲಿ ಮಾಡಬಹುದಾದುದೇನು? ಲಸಿಕೆ ಶೇಕಡ ೭೦ಕ್ಕೆ ಮುಟ್ಟಿತೇ ಎಂದು ತಿಳಿಯಬೇಕಾದರೆ ಒಟ್ಟು ನಾಯಿಗಳೆಷ್ಟು ಎಂಬುದು ಗೊತ್ತಿರಬೇಕು. ಅದನ್ನು ಎಣಿಸುವ ಸರಳ ವಿಧಾನವೊಂದಿದೆ. ಒಂದು ದಿನ ಬೆಳಗಿನ ಜಾವ, ಹಿರಿಯರೊಬ್ಬರ ಜೊತೆಯಲ್ಲಿ, ಬಡಾವಣೆಯ ಬೀದಿಗಳನ್ನು ಸುತ್ತಿ ಕಂಡ ನಾಯಿಗಳ ಛಾಯಾಚಿತ್ರಗಳನ್ನು ದೂರದಿಂದಲೇ ತೆಗೆಯಿರಿ. ೬೦ ನಾಯಿಗಳು ಕಂಡವೆನ್ನೋಣ. ಮರುದಿನ ಅದೇ ಹೊತ್ತಿಗೆ ಅದೇ ಬೀದಿಗಳನ್ನು ಸುತ್ತಿರಿ. ೫೦ ಕಂಡವು, ಮೈಬಣ್ಣ ಮಚ್ಚೆಗಳನ್ನು ಹೋಲಿಸಿದಾಗ ಅವುಗಳಲ್ಲಿ ೨೦ ಹಿಂದಿನ ದಿನದವೇ. ಎರಡನೆಯ ದಿನ ಕಂಡ ಐವತ್ತರಲ್ಲಿ ಇಪ್ಪತ್ತು ಮೊದಲೇ ಗುರುತಾದವುಗಳಾದರೆ, ಇಡೀ ಬಡಾವಣೆಯ ನಾಯಿಗಳಲ್ಲಿಯೂ ಅದೇ ಅನುಪಾತದಲ್ಲಿ ಗುರುತಾದವು ಇರಬೇಕು. ಆದುದರಿಂದ ಒಟ್ಟು ಸಂಖ್ಯೆ ೬೦ನ್ನು ೫೦ರಿಂದ ಗುಣಿಸಿ ೨೦ರಿಂದ ಭಾಗಿಸಿದಷ್ಟು, ಎಂದರೆ ೧೫೦. ಈ ಬಡಾವಣೆಗೆ ೧೦೫ ಲಸಿಕೆಗಳು ಬೇಕು. ಇಂಥ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಪುರಸಭೆಗೂ ಪಶುವೈದ್ಯಶಾಲೆಗೂ ಹೋದರೆ, ನೂರು ಸಹಿಗಳ ಮನವಿಪತ್ರಕ್ಕಿಂತ ಹೆಚ್ಚಿನ ಬೆಲೆ ಅದಕ್ಕೆ ಇರುತ್ತದೆ.

ಪ್ರಾಣಿರಕ್ಷಣೆ ಕೆಲವರ ಹವ್ಯಾಸವಾಗಿ ಉಳಿದಿರುವವರೆಗೆ ಊರಾಚೆಯ ಕೊಟ್ಟಿಗೆ ತುಂಬುತ್ತಲೇ ಇರುತ್ತದೆ. ಸಾಕುವವರ ಮನೆಯಲ್ಲಿ ಅದು ಕರ್ತವ್ಯವಾದಂದು ಆ ಕೊಟ್ಟಿಗೆ ತನ್ನ ನಿಜವಾದ ಕೆಲಸಕ್ಕೆ, ಗಾಯಗೊಂಡ ಪ್ರಾಣಿಯ ಶುಶ್ರೂಷೆಗೆ, ಬಿಡುವು ಪಡೆಯುತ್ತದೆ.