ಪರದೇಶದ ಊಟಕ್ಕೆ ಪ್ರಸಾದದ ಅಳತೆ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಭಕ್ತರ ಮಕ್ಕಳು ಇಂದು ದುಬೈ, ಜರ್ಮನಿ, ಅಮೆರಿಕಗಳಲ್ಲಿ ಕಾಯಕನಿರತರಾಗಿದ್ದಾರೆ. ರಜೆ ಮುಗಿಸಿ ಹೊರಟವರ ಪೆಟ್ಟಿಗೆಯಲ್ಲಿ ಗೋಕಾಕದ ಕರದಂಟು ತಪ್ಪುವುದಿಲ್ಲ. ಅದು ತಾಯಿಯ ಮಮತೆ, ಬೇಡವೆನ್ನಲಾಗದು. ಆದರೆ ಅಂಥ ತಾಯಂದಿರೇ ಮುಂದೊಮ್ಮೆ ಮಠಕ್ಕೆ ಬಂದು, “ಅಪ್ಪಾರ, ಮಗಗ ಮೂವತ್ತೈದಕ್ಕ ಸಕ್ಕರಿ ಬ್ಯಾನಿ ಬಂತ್ರಿ” ಎಂದು ಕಣ್ಣೀರಿಡುವುದನ್ನು ನಾವು ಕಂಡಿದ್ದೇವೆ.

ಇದಕ್ಕೆಲ್ಲ ಪರದೇಶದ ಅಡುಗೆಯೇ ಕಾರಣವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಅರಬರ ನಾಡಿನಲ್ಲಿ ಕಡಲೆಯ ಹಮ್ಮಸ್, ಬೇಳೆಯ ಸಾರು ಉಂಟು. ಜರ್ಮನಿಯಲ್ಲಿ ರೈ ಧಾನ್ಯದ ಕಪ್ಪು ರೊಟ್ಟಿ ಉಂಟು. ಅಮೆರಿಕದ ಅಂಗಡಿಗಳಲ್ಲಿ ಕಾಳು, ಸೊಪ್ಪುಗಳಿಗೆ ಕೊರತೆಯಿಲ್ಲ. ನಮ್ಮವರಾದರೋ ಮಾಂಸ ಬೆರೆತೀತೆಂಬ ಅಂಜಿಕೆಯಿಂದ ಆಲೂಗಡ್ಡೆಯ ಕರಿದ ತಿನಿಸು, ಚೀಸ್, ಮೈದಾ ಬ್ರೆಡ್, ತಂಪು ಪಾನೀಯಗಳಿಗೆ ಒಗ್ಗಿಹೋಗುತ್ತಾರೆ. ಮಾಂಸವಿಲ್ಲದ ಊಟವೆಲ್ಲ ಆರೋಗ್ಯದ ಊಟವಲ್ಲ.

ಮಗ ತೆಳ್ಳಗಿದ್ದಾನೆಂಬ ಸಮಾಧಾನವೂ ಸಾಲದು. ಏಷ್ಯಾದವರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಆದ್ದರಿಂದ ದೇಹತೂಕ ಸೂಚ್ಯಂಕ 23 ದಾಟಿದಾಗಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ತಿಳಿಸಿದರು. 170 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 66 ಕಿಲೋ.

ಇನ್ನು ಕರದಂಟಿನ ಮಾತು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಕೂಡಿದ ಈ ತಿನಿಸು ಬಾಣಂತಿಗೂ ಹೊಲದಲ್ಲಿ ದುಡಿಯುವವನಿಗೂ ಒಪ್ಪುವಂಥದು. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಸಣ್ಣದೊಂದು ತುಂಡು ಸಾಕು. ಉಳಿದುದನ್ನು ಜೊತೆಗಾರರಿಗೆ ಹಂಚಲಿ, ಅದೂ ದಾಸೋಹವೇ. “ಬೆಲ್ಲವಲ್ಲವೇ, ಏನಾಗದು” ಎನ್ನುವವರುಂಟು. ಸಕ್ಕರೆ ಕಾಯಿಲೆಯ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳಿತು. ಉಪ್ಪು 5 ಗ್ರಾಮಿನೊಳಗಿರಬೇಕು. ಉಪ್ಪಿನಕಾಯಿ, ಹಪ್ಪಳ ಕಟ್ಟಿಕೊಡುವ ತಾಯಂದಿರು ಇದನ್ನು ನೆನಪಿಡಬೇಕು.

ಹಾಗಾದರೆ ಏನನ್ನು ಕಳಿಸಬೇಕು? ಆಯಾ ದೇಶದ ನಿಯಮ ನೋಡಿಕೊಂಡು ಖಡಕ್ ರೊಟ್ಟಿ, ಜೋಳದ ಹಿಟ್ಟು, ಉಪ್ಪು ಕಡಿಮೆ ಹಾಕಿದ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕಳಿಸಿರಿ. ಹೆಸರು, ಮಡಿಕೆಕಾಳುಗಳನ್ನು ಮೊಳಕೆ ಕಟ್ಟುವುದನ್ನು ಕಲಿಸಿರಿ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆ ಸಾಲಿನ ಜೋಳ ನಮ್ಮ ಹೊಲದಲ್ಲಿಯೇ ಇದೆ. ಸಸ್ಯಾಹಾರಿಗಳಿಗೆ ಬಿ12, ಬಿಸಿಲು ಕಡಿಮೆಯಿರುವ ನಾಡಿನವರಿಗೆ ಡಿ ಜೀವಸತ್ವದ ಕೊರತೆಯಾಗಬಹುದು. ವೈದ್ಯರಲ್ಲಿ ಪರೀಕ್ಷಿಸಿಕೊಳ್ಳುವುದು ಲೇಸು.

ಕೊನೆಯದಾಗಿ, ಪ್ರಸಾದವನ್ನು ಚೆಲ್ಲಬಾರದೆಂದು ಬಾಲ್ಯದಿಂದಲೇ ಕಲಿತಿದ್ದೇವೆ. ಇದನ್ನೇ ನೆನೆದು, ಹೋಟೆಲಿನವರು ಇಬ್ಬರಿಗಾಗುವಷ್ಟು ತಂದಿಟ್ಟರೂ ನಮ್ಮ ಹುಡುಗರು ತಟ್ಟೆ ಬರಿದು ಮಾಡುತ್ತಾರೆ. ಪ್ರಸಾದದ ನೀತಿ ಹೊಟ್ಟೆ ಬಿರಿಯ ಉಣ್ಣುವುದಲ್ಲ, ಬೇಕಾದಷ್ಟನ್ನೇ ನೀಡಿಸಿಕೊಳ್ಳುವುದು. ಅರ್ಧವನ್ನು ಮೊದಲೇ ತೆಗೆದಿರಿಸಿ ಮರುಹೊತ್ತಿಗೆ ಉಂಡರೆ ಅನ್ನವೂ ಕೆಡದು, ಮೈಯೂ ಕೆಡದು.

ಈ ಅಳತೆ ಊರಿನಲ್ಲಿರುವ ನಮಗೂ ಸಲ್ಲಬೇಕು. ರಜೆಗೆ ಬಂದ ಮಗನಿಗೆ ಮನೆಮನೆಯಲ್ಲೂ ಹೋಳಿಗೆ ಬಡಿಸಿ, ಅವನು ಸಾಕೆಂದಾಗ ಮುನಿಸಿಕೊಳ್ಳುವುದನ್ನು ಬಿಡೋಣ. ಅವನ “ಸಾಕು” ಎಂಬ ಮಾತನ್ನು ಮನ್ನಿಸುವುದೂ ಪ್ರೀತಿಯೇ.